ಹಾಲು ಓದಿದ ಎಸಳು

ಆ ವರ್ಷ ಆರುನೂರ ಹನ್ನೆರಡು ಕಣ್ಣುಗಳನ್ನು ಕಾಯುವ ಕೆಲಸ ನನ್ನದಾಗಿತ್ತು. ಮನುಷ್ಯರು ಎನ್ನದೆ ಕಣ್ಣುಗಳು ಎಂದೆ, ಏಕೆಂದರೆ ಹುಬ್ಬಳ್ಳಿಯ ನಮ್ಮ ಆಸ್ಪತ್ರೆಯ ನಿಗಾ ಕೊಠಡಿಯ ಪರದೆಯಲ್ಲಿ ಮನುಷ್ಯರು ಕಾಣುತ್ತಿರಲಿಲ್ಲ. ಒಂದು ಕಣ್ಣಿಗೆ ಒಂದು ಸಂಖ್ಯೆ, ಒಂದು ಗೆರೆ. ಗೆರೆ ಕೆಳಗಿದ್ದರೆ ನಾನು ಚಹಾ ಕುಡಿಯಬಹುದು, ಮೇಲೆದ್ದರೆ ಫೋನು ಎತ್ತಬೇಕು. ಇಪ್ಪತ್ತಾರು ವರ್ಷ ವಾರ್ಡಿನಿಂದ ವಾರ್ಡಿಗೆ ಓಡಾಡಿದ ನರ್ಸ್ ಮಂದಾಕಿನಿಗೆ ಕೊನೆಗೂ ಕುಳಿತು ಉಣ್ಣುವ ಕೆಲಸ ಸಿಕ್ಕಿತು ಎಂದು ಜೊತೆಯವರು ಆಡಿಕೊಳ್ಳುತ್ತಿದ್ದರು. ನನಗೂ ಹಾಗೆಯೇ ಅನಿಸಿತ್ತು.

ಈ ಕಣ್ಣುಗಳ ಕಾಯಿಲೆಯ ಹೆಸರು ಹೇಳಲು ಹೋದರೆ ನಾಲಿಗೆ ತೊಡರುತ್ತದೆ, ಆದ್ದರಿಂದ ಅದು ಮಾಡುವ ಕೆಲಸವನ್ನೇ ಹೇಳುತ್ತೇನೆ. ಮೈಯನ್ನು ಕಾಯಬೇಕಾದ ರಕ್ಷಣಾ ವ್ಯವಸ್ಥೆ ತಲೆಕೆಟ್ಟು, ಕಣ್ಣಿನ ಬಿಳಿಯ ಮೇಲೂ ರೆಪ್ಪೆಯ ಒಳಗೂ ಇರುವ ತೆಳು ಪೊರೆಯನ್ನೇ ಹಗೆ ಎಂದು ತಿಳಿದು ಸುಡತೊಡಗುತ್ತದೆ. ಸುಟ್ಟಲ್ಲಿ ಕಲೆಯಾಗುತ್ತದೆ. ಕಲೆ ಬಿಗಿದಂತೆ ರೆಪ್ಪೆ ಒಳಕ್ಕೆ ಮಡಚಿಕೊಳ್ಳುತ್ತದೆ, ರೆಪ್ಪೆಗೂದಲು ಒಳಮುಖವಾಗಿ ಬೆಳೆದು ಮಿಟುಕಿಸಿದಾಗಲೆಲ್ಲ ಕರಿಗುಡ್ಡೆಯನ್ನು ಗೀರುತ್ತದೆ. ಕಡೆಗೆ ರೆಪ್ಪೆಯೂ ಗುಡ್ಡೆಯೂ ಅಂಟಿಕೊಂಡು ಒಂದಾಗುತ್ತವೆ. ಆದ ಕಲೆಯನ್ನು ಅಳಿಸುವ ಔಷಧ ಇಲ್ಲ. ಹೊಸದು ಆಗದಂತೆ ತಡೆಯಬಹುದು ಅಷ್ಟೆ, ಅದಕ್ಕೆ ರಕ್ಷಣಾ ವ್ಯವಸ್ಥೆಯನ್ನೇ ವರ್ಷಗಟ್ಟಲೆ ಮಂಪರಿನಲ್ಲಿಡಬೇಕು. ಕಾವಲುಗಾರ ತೂಕಡಿಸುತ್ತಿದ್ದರೆ ಹೊರಗಿನವರು ಸುಮ್ಮನಿರುತ್ತಾರೆಯೇ? ನೆಗಡಿ ಎದೆಗೆ ಇಳಿಯುತ್ತದೆ, ಹಳೆಯ ಕ್ಷಯ ಎದ್ದು ಕೂರುತ್ತದೆ, ಸರ್ಪಸುತ್ತು ಬರುತ್ತದೆ.

ಔಷಧ ಹೆಚ್ಚಾದರೆ ಜೀವಕ್ಕೆ ಕುತ್ತು, ಕಡಿಮೆಯಾದರೆ ಕಣ್ಣಿಗೆ. ಈ ಎರಡರ ನಡುವಿನ ಸಣ್ಣ ದಾರಿಯಲ್ಲಿ ನಡೆಸಲೆಂದೇ ನಮ್ಮ ಡಾಕ್ಟರ್ ಹಂಚಿನಾಳ ಹನ್ನೆರಡು ವರ್ಷ ಕೂತು ಎಸಳನ್ನು ಮಾಡಿದ್ದರು. ಅದು ಕೆಳರೆಪ್ಪೆಯ ಒಳಗೆ ಇಡುವ, ಎಳ್ಳಿನಷ್ಟು ಗಾತ್ರದ ಮೆತ್ತನೆಯ ತುಣುಕು. ಕಣ್ಣಿನ ಪಸೆಯಲ್ಲಿ ಉರಿ ಹಚ್ಚುವ ಕಣಗಳೆಷ್ಟು, ಉರಿ ಆರಿಸುವ ಕಣಗಳೆಷ್ಟು ಎಂದು ಗಂಟೆಗೊಮ್ಮೆ ಓದಿ ನಮಗೆ ಕಳಿಸುತ್ತದೆ. ರೋಗಿಯ ತೋಳಿನ ಚರ್ಮದಡಿ ಹುಣಸೆಬೀಜದಷ್ಟು ಚೀಲವೊಂದು ಇರುತ್ತದೆ. ಎಸಳು ಹೇಳಿದಂತೆ ಚೀಲ ಔಷಧ ಬಿಡುತ್ತದೆ. ತಗ್ಗಿಸುವುದು ತಾನಾಗಿ ನಡೆಯುತ್ತದೆ, ಏರಿಸಲು ಮಾತ್ರ ನಾವು ಅಪ್ಪಣೆ ಕೊಡಬೇಕು. ಮೊದಲು ಮೂರು ತಿಂಗಳಿಗೊಮ್ಮೆ ರೋಗಿಗಳನ್ನು ಕರೆಸಿ ದೀಪ ಹಿಡಿದು ಕಣ್ಣು ನೋಡುತ್ತಿದ್ದೆವು. ಎಸಳು ಬಂದ ಮೇಲೆ ಅದು ಆರು ತಿಂಗಳಿಗೊಮ್ಮೆ ಆಯಿತು. ಗಂಟೆಗೊಮ್ಮೆ ನೋಡುವ ಯಂತ್ರವಿರುವಾಗ ಜನರನ್ನು ಯಾಕೆ ಬಸ್ಸು ಹತ್ತಿಸಬೇಕು?

ನಾನೂರ ಹದಿನೇಳನೆಯದು ಬೆಟಗೇರಿಯ ನಿಂಬೆವ್ವ ಶಿಂಪಿಯ ಬಲಗಣ್ಣು. ಎಡಗಣ್ಣು ಹನ್ನೊಂದು ವರ್ಷದ ಹಿಂದೆ, ಕಾಯಿಲೆ ಯಾವುದೆಂದು ಗೊತ್ತಾಗುವ ಮೊದಲೇ ಅಂಟಿಹೋಗಿತ್ತು. ಗಂಡ ಗುರುಶಾಂತಪ್ಪನವರು ಟೇಲರ್. ಅವರು ಹೊಲಿದ ಅಂಗಿಗಳಿಗೆ ಕಾಜಾ ಹಾಕಿ ಗುಂಡಿ ಹಚ್ಚುವುದು ಮದುವೆಯಾದಾಗಿನಿಂದ ನಿಂಬೆವ್ವನ ಕೆಲಸ, ಒಂದೇ ಕಣ್ಣಿನಲ್ಲಿ ಈಗಲೂ ಮಾಡುತ್ತಾಳೆ. ನನ್ನ ವಾರಿಗೆಯವಳು. ಫೋನಿನಲ್ಲೇ ನಮಗೆ ಸಲಿಗೆ ಬೆಳೆದಿತ್ತು. ನರ್ಸ್ ಬಾಯಿಯಾದ ನನ್ನನ್ನು ‘ಬಾಯಾರ’ ಎಂದೇ ಕರೆಯುತ್ತಿದ್ದಳು.

ಮಗಳು ಸುವರ್ಣಾ ಬಾಣಂತನಕ್ಕೆ ತವರಿಗೆ ಬಂದಾಗ ನಿಂಬೆವ್ವ ನನ್ನ ಬಳಿ ಕೇಳಿದ್ದು ಒಂದೇ. "ಬಾಯಾರ, ಕೂಸಿಗೆ ನಾನ ನೀರ ಎರಿಬೇಕು. ಅದಕ್ಕೊಂದು ಹಾದಿ ಮಾಡಿಕೊಡ್ರಿ."

ಹಾದಿ ಇರಲಿಲ್ಲ. ಕೂಸಿಗೆ ಹಾಕುವ ಪೋಲಿಯೊ ಹನಿಯಲ್ಲಿ ಜೀವವಿರುವ, ಆದರೆ ಸೊರಗಿಸಿದ ವೈರಾಣು ಇರುತ್ತದೆ. ಅದು ವಾರಗಟ್ಟಲೆ ಕೂಸಿನ ಮಲದಲ್ಲಿ ಹೊರಬರುತ್ತದೆ. ನಿಮಗೆ ನನಗೆ ಏನೂ ಆಗುವುದಿಲ್ಲ. ಕಾವಲು ಮಲಗಿರುವ ನಿಂಬೆವ್ವನಂಥವಳಿಗೆ ಆಗಬಹುದು. ಹುಟ್ಟಿದಾಗ ಒಮ್ಮೆ, ಆರು ವಾರಕ್ಕೆ, ಹತ್ತಕ್ಕೆ, ಹದಿನಾಲ್ಕಕ್ಕೆ ಹನಿ ಎಂದರೆ ಇಡೀ ಬಾಣಂತನವೇ ಮುಗಿಯುತ್ತದೆ. ಅಜ್ಜಿಯಾದವಳು ಕೂಸಿಗೆ ಎರೆಯದೆ ಅಡುಗೆಮನೆಯಲ್ಲಿ ನಿಂತು, ಕೇರಿಯ ಕಾಶವ್ವ ಬಂದು ಎರೆಯುವುದನ್ನು ಕೇಳಿಸಿಕೊಳ್ಳಬೇಕು. ನಿಂಬೆವ್ವನಿಗೆ ಅದು ನುಂಗಲಾರದ ತುತ್ತಾಗಿತ್ತು.

ಅಷ್ಟರಲ್ಲಿ ನಾನೂರ ಹದಿನೇಳರ ಗೆರೆ ಇಳಿಯತೊಡಗಿತು. ಕೂಸಿಗೆ ಎರಡು ವಾರ ತುಂಬಿದಾಗ ಶುರುವಾಗಿ ದಿನದಿನಕ್ಕೂ ಇಳಿಯಿತು. ಚೀಲ ಔಷಧ ಕಡಿಮೆ ಮಾಡಿತು, ಆದರೂ ಗೆರೆ ಏಳಲಿಲ್ಲ. ಎರಡನೆಯ ತಿಂಗಳು ಮುಗಿಯುವ ಮೊದಲೇ ಔಷಧ ಎಷ್ಟು ತಗ್ಗಿತೆಂದರೆ ಡಾಕ್ಟರ್ ಹಂಚಿನಾಳರೇ, "ಎರಿಲಿ ಬಿಡಿ, ಪಾಪ" ಎಂದರು. ನಾನು ಫೋನು ಮಾಡಿ ನಿಂಬೆವ್ವನಿಗೆ ಹೇಳಿದೆ. ಅತ್ತ ಕಡೆ ಬಚ್ಚಲಿನ ಹಂಡೆ ಉರುಳಿಸುವ ಸದ್ದು ಕೇಳಿತು. ಕಾಶವ್ವನನ್ನು ಅವಳು ಅವತ್ತೇ ಬಿಡಿಸಿದಳಂತೆ.

ತಿಂಗಳಿಗೊಮ್ಮೆ ನಾನು ಎಲ್ಲರಿಗೂ ಎಂಟು ಪ್ರಶ್ನೆ ಕೇಳುತ್ತಿದ್ದೆ. ಎಂಟನೆಯದು: ನಾವು ಕೊಟ್ಟದ್ದಲ್ಲದೆ ಬೇರೆ ಯಾವುದಾದರೂ ಔಷಧ ಕಣ್ಣಿಗೆ ಹಾಕಿದ್ದೀರಾ? ಪ್ರಶ್ನೆ ಬರೆದವಳು ನಾನೇ. ನಿಂಬೆವ್ವ ಪ್ರತಿ ಸಲವೂ, "ಇಲ್ರಿ ಬಾಯಾರ" ಎನ್ನುತ್ತಿದ್ದಳು.

ನೂರು ದಿನ ಗೆರೆ ನೆಲ ಹಿಡಿದಿದ್ದರೆ ಯಂತ್ರವೇ ಆ ಹೆಸರನ್ನು ಬಿಡುಗಡೆಯ ಪಟ್ಟಿಗೆ ಸೇರಿಸುತ್ತದೆ. ಬಿಡುಗಡೆ ಎಂದರೆ ಚೀಲ ತೆಗೆದು ಔಷಧ ಪೂರ್ತಿ ನಿಲ್ಲಿಸುವುದು. ಪಟ್ಟಿಗೆ ಮೊದಲು ಬಂದ ಹೆಸರೇ ನಿಂಬೆವ್ವನದು. ಶುಕ್ರವಾರಕ್ಕೆ ದಿನ ಗೊತ್ತಾಯಿತು. ಡಾಕ್ಟರ್ ಹೊಸ ಅಂಗಿ ಹೊಲಿಸಿಕೊಂಡರು ಎಂದರೆ ಸುಳ್ಳಾಗುತ್ತದೆ, ಆದರೆ ಇದ್ದುದರಲ್ಲಿ ಒಳ್ಳೆಯದನ್ನು ಇಸ್ತ್ರಿಗೆ ಕೊಟ್ಟದ್ದು ನನಗೆ ಗೊತ್ತು. ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿಸಿಕೊಂಡು ಬರಲು ಸೋಮವಾರ ನಾನೇ ಬೆಟಗೇರಿಗೆ ಹೊರಟೆ.

ಹೋದಾಗ ಗಂಡ ಹೆಂಡತಿ ಅಂಗಡಿಯ ಬಾಗಿಲ ಬೆಳಕಿನಲ್ಲಿ ಎದುರುಬದುರು ಕೂತಿದ್ದರು. ಗುರುಶಾಂತಪ್ಪನವರ ಕನ್ನಡಕ ಮೂಗಿನ ತುದಿಯಲ್ಲಿತ್ತು, ಕೈಯಲ್ಲಿ ಚಿಮಟಿಗೆ. ನಿಂಬೆವ್ವ ಮುಖವೆತ್ತಿ ಕಣ್ಣು ತೆರೆದು ಕೂತಿದ್ದಳು. ಅವರು ಒಳಮುಖವಾದ ರೆಪ್ಪೆಗೂದಲನ್ನು ಒಂದೊಂದಾಗಿ, ಹೊಲಿಗೆಯ ಕಚ್ಚಾ ದಾರ ಬಿಚ್ಚುವ ನಿಧಾನದಲ್ಲಿ ಕೀಳುತ್ತಿದ್ದರು.

"ಬರ್ರಿ ಬಾಯಾರ, ಕೂಡ್ರಿ. ಒಂದ ಉಳದೈತಿ," ಎಂದರು. ಅದನ್ನೂ ಕಿತ್ತು, ಎದ್ದು ಹೋಗಿ ಗೋಡೆಯ ಕ್ಯಾಲೆಂಡರಿನ ಆ ದಿನದ ಚೌಕಕ್ಕೆ ಗೋಂದು ಸವರಿ ಎಲ್ಲ ಕೂದಲನ್ನೂ ಸಾಲಾಗಿ ಅಂಟಿಸಿದರು.

"ಇದೇನ್ರೀ ಇದು?" ಎಂದೆ.

"ಹಿಂಗ ಇಟ್ಟರ ಎಷ್ಟ ತಗದೆ ಅಂತ ನೆನಪಿರತೈತ್ರಿ. ಕೆಳಗ ಒಗದ್ರ ಅಂಗಿಗೆ ಹತ್ತತಾವು."

ನಾನು ಹತ್ತಿರ ಹೋಗಿ ನೋಡಿದೆ. ಆ ಸೋಮವಾರ ಏಳು. ಹಿಂದಿನ ಸೋಮವಾರ ಏಳು. ಅದರ ಹಿಂದೆ ಆರು. ಹಾಳೆ ಮಗುಚಿದೆ. ಐದು, ನಾಲ್ಕು, ನಾಲ್ಕು, ಮೂರು. ಕೂಸು ಹುಟ್ಟಿದ ತಿಂಗಳಲ್ಲಿ ವಾರಕ್ಕೆ ಎರಡೇ ಇದ್ದವು.

ರೆಪ್ಪೆಗೂದಲು ತಾನಾಗಿ ಒಳಕ್ಕೆ ತಿರುಗುವುದಿಲ್ಲ. ಕಲೆ ಎಳೆದರೆ ತಿರುಗುತ್ತದೆ. ಕಲೆ ಎಳೆಯಬೇಕಾದರೆ ಉರಿ ಇರಬೇಕು. ಯಂತ್ರ ನೂರು ದಿನದಿಂದ ಉರಿ ಇಲ್ಲ ಎನ್ನುತ್ತಿತ್ತು, ಟೇಲರ್ ಅಂಗಡಿಯ ಕ್ಯಾಲೆಂಡರು ಇದೆ ಎನ್ನುತ್ತಿತ್ತು.

"ಇಷ್ಟು ಹೆಚ್ಚಾಗ್ಯಾವಲ್ಲ, ನನಗ್ಯಾಕ ಹೇಳಲಿಲ್ಲ ನೀವು?"

ಗುರುಶಾಂತಪ್ಪನವರು ಗಾಬರಿಯಾದರು. "ನೀವ ಹೇಳಿದ್ರಲ್ರೀ, ಗೆರಿ ಭಾಳ ಚಲೋ ಐತಿ ಅಂತ. ಯಂತ್ರಕ್ಕಿಂತ ನಾ ಶಾಣ್ಯಾ ಏನ್ರಿ?"

ಅಷ್ಟರಲ್ಲಿ ಒಳಗಿನಿಂದ ಸುವರ್ಣಾ ಕೂಸನ್ನು ಎತ್ತಿಕೊಂಡು ಬಂದಳು. "ಅವ್ವಾ, ಕೂದಲ ತಗದಾತಿಲ್ಲೋ? ಬಾ, ಹಾಲ ಹಾಕ್ತೀನಿ" ಎಂದು ಸೆರಗು ಸರಿಸಿ ಮಗ್ಗುಲಲ್ಲಿ ಕೂತಳು. ನಿಂಬೆವ್ವ ಅಭ್ಯಾಸವಾದವಳಂತೆ ಮಗಳ ತೊಡೆಯ ಮೇಲೆ ತಲೆಯಿಟ್ಟಳು. ನಾನು ಕೈ ಅಡ್ಡ ಹಿಡಿಯದಿದ್ದರೆ ನನ್ನ ಕಣ್ಣೆದುರಿಗೇ ಎದೆಹಾಲಿನ ಎರಡು ಹನಿ ನಾನೂರ ಹದಿನೇಳನೆಯ ಕಣ್ಣಿಗೆ ಬೀಳುತ್ತಿದ್ದವು.

"ಯಾವಾಗಿಂದ ನಡದೈತಿ ಇದು?"

"ಕೂಸು ಹುಟ್ಟಿ ಹನ್ನೆರಡು ದಿನ ಆಗಿತ್ತರಿ," ಸುವರ್ಣಾ ಹೇಳಿದಳು. "ಕಾಶವ್ವ ಲೋಬಾನದ ಹೊಗಿ ಹಾಕಿದ್ಲು. ಅವ್ವನ ಕಣ್ಣು ಕೆಂಪಗಾಗಿ ಚುಚ್ಚಾಕ ಹತ್ತಿತು. ಹಾಲ ಹಾಕಿದ್ರ ತಂಪಾತು ಅಂದ್ಲು. ಮುಂಜಾನಿ ಒಮ್ಮೆ, ಸಂಜೀಕ ಒಮ್ಮೆ ಹಾಕ್ತೀನಿ."

"ನಿಂಬೆವ್ವಾ, ಪ್ರತಿ ತಿಂಗಳು ಕೇಳೀನಲ್ಲ, ಬೇರೆ ಔಷಧ ಹಾಕೀಯೇನು ಅಂತ?"

ಅವಳು ಎದ್ದು ಕೂತು ನನ್ನನ್ನೇ ವಿಚಿತ್ರವಾಗಿ ನೋಡಿದಳು. "ಹಾಲೇನ ಔಷಧ ಏನ್ರಿ, ಬಾಯಾರ?"

ಚಿಕ್ಕವಳಿದ್ದಾಗ ಕಣ್ಣು ಬಂದಾಗಲೆಲ್ಲ ನನ್ನ ಅವ್ವ ನನ್ನನ್ನು ಪಕ್ಕದ ಮನೆಯ ಬಾಣಂತಿಯ ತೊಡೆಯ ಮೇಲೆ ಮಲಗಿಸುತ್ತಿದ್ದಳು. ಬೆಚ್ಚಗಿನ ಆ ಹನಿ ಕಣ್ಣಿಗೆ ಬಿದ್ದದ್ದು ಇಂದಿಗೂ ನೆನಪಿದೆ. ಬಾಣಂತಿ ಇರುವ ಮನೆ, ಕಣ್ಣು ನೋಯುವ ಅಜ್ಜಿ, ಇಷ್ಟು ಗೊತ್ತಿದ್ದೂ ನಾನು ಔಷಧ ಎಂಬ ಮಾತು ಹಾಕಿ ಪ್ರಶ್ನೆ ಬರೆದಿದ್ದೆ. ನಾಚಿಕೆಯಾಯಿತು. ಒಪ್ಪಿಗೆಯ ಕಾಗದವನ್ನು ನನ್ನ ಕೈಚೀಲದಲ್ಲೇ ಉಳಿಸಿಕೊಂಡೆ. ಇವತ್ತಿನಿಂದ ಹಾಲು ಬೇಡವೆಂದು ಹೇಳಿ, ಸುವರ್ಣಾಳಿಂದ ಸಣ್ಣ ಸೀಸೆಯಲ್ಲಿ ಒಂದಿಷ್ಟು ಹಾಲು ಇಸಿದುಕೊಂಡು, ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು ಬಸ್ಸು ಹತ್ತಿದೆ.

ಸಂಜೆ ಪ್ರಯೋಗಶಾಲೆಯಲ್ಲಿ ಡಾಕ್ಟರ್ ಹಂಚಿನಾಳ ಹೊಸ ಎಸಳೊಂದನ್ನು ಗಾಜಿನ ಬಟ್ಟಲಲ್ಲಿಟ್ಟು ಅದರ ಮೇಲೆ ಒಂದು ಹನಿ ಹಾಲು ಬಿಟ್ಟರು. ಪರದೆಯ ಮೇಲೆ ಗೆರೆ ಮೂಡಿ, ಇಳಿದು, ನೆಲ ಹಿಡಿದು ಮಲಗಿತು. ಕೆಳಗೆ ಅಕ್ಷರಗಳು ಬಂದವು: ಈ ಕಣ್ಣಿನಲ್ಲಿ ಉರಿ ಇಲ್ಲ, ಔಷಧ ತಗ್ಗಿಸಬಹುದು.

ಡಾಕ್ಟರು ಜೋರಾಗಿ ನಕ್ಕರು. ಬಟ್ಟಲಿನ ಹಾಲಿಗೆ ಕಣ್ಣು ಗುಣವಾಗಿದೆ ಎಂದರೆ ಯಾರಿಗಾದರೂ ನಗು ಬರಬೇಕು. ಆಮೇಲೆ ನಗು ನಿಂತುಹೋಗಿ, ಕುರ್ಚಿಯಲ್ಲಿ ಕೂತು ಮುಖ ಒರೆಸಿಕೊಂಡರು.

"ಕೂಸಿನ ಹಸಿ ಕರುಳು ಉರೀಬಾರದು ಅಂತ ತಾಯಿಹಾಲಿನಾಗ ಉರಿ ಆರಿಸೋ ಕಣ ರಾಶಿ ಇರ್ತಾವು," ಎಂದರು. "ನಾವು ಎಣಸೋದೂ ಅವನ್ನ. ಅವು ಪಸೆಯೊಳಗ ಮ್ಯಾಲೆ ತೇಲ್ತಾವು, ಪೊರೆಯ ಒಳಗಿನ ಬೆಂಕಿ ಹಂಗ ಇರ್ತೈತಿ. ಹನ್ನೆರಡು ವರ್ಷ, ಮಂದಾಕಿನಿಯವರ. ಎಷ್ಟೋ ಹನಿ, ಎಷ್ಟೋ ಮುಲಾಮು ಹಾಕಿ ಪರೀಕ್ಷಿಸೀನಿ. ಇದೊಂದು ನನಗ ಹೊಳೀಲೇ ಇಲ್ಲ."

ಎಸಳು ತಪ್ಪು ಓದಿರಲಿಲ್ಲ. ಕಣ್ಣಲ್ಲಿ ಇದ್ದದ್ದನ್ನೇ ಓದಿತ್ತು. ಅದು ಯಾರದು ಎಂದು ಕೇಳುವುದು ನಮ್ಮ ಕೆಲಸವಾಗಿತ್ತು.

ಮಂಗಳವಾರ ಮಧ್ಯಾಹ್ನ ಗೆರೆ ಅಲುಗಿತು. ಬುಧವಾರ ಎದ್ದಿತು. ಶುಕ್ರವಾರ ಬೆಳಗಿನ ಹೊತ್ತಿಗೆ ಪರದೆಯ ಅರ್ಧದಾಚೆಗೆ ಹೋಗಿತ್ತು. ಚೀಲದ ಔಷಧವನ್ನು ಕೂಡಲೇ ಏರಿಸಬೇಕಿತ್ತು, ಆದರೆ ಕೂಸಿಗೆ ಎರೆಯುತ್ತಿರುವವಳಿಗೆ ಕೇಳದೆ ಏರಿಸುವುದು ಹೇಗೆ? ಬಿಡುಗಡೆಯ ದಿನಕ್ಕೇ ಅವರನ್ನು ಕರೆಸಿದೆವು. ಹಾಲಿನ ವಿಷಯವನ್ನು ಫೋನಿನಲ್ಲಿ ಹೇಳಿದ್ದೆನಾದರೂ ನಿಂಬೆವ್ವ ಅದನ್ನು ಅಷ್ಟಾಗಿ ತಲೆಗೆ ಹಾಕಿಕೊಂಡಂತಿರಲಿಲ್ಲ. ಇಳಕಲ್ ಸೀರೆ ಉಟ್ಟು, ನಮ್ಮ ಕೊಠಡಿಯವರಿಗೆಲ್ಲ ಹಂಚಲು ಬೇಸನ್ ಉಂಡಿಯ ಡಬ್ಬಿ ತಂದಿದ್ದಳು.

ಡಾಕ್ಟರು ದೀಪ ಹಿಡಿದು ಕಣ್ಣನ್ನು ಬಹಳ ಹೊತ್ತು ನೋಡಿದರು. ನನಗೂ ತೋರಿಸಿದರು. ಕೆಳರೆಪ್ಪೆಯ ಒಳಗಿನ ಮಡಿಕೆ ಮೊದಲಿನ ಅರ್ಧವಾಗಿತ್ತು. ರೆಪ್ಪೆಯಿಂದ ಗುಡ್ಡೆಗೆ ಬಿಳಿ ಎಳೆಗಳೆರಡು ಹೊಸದಾಗಿ ಕಟ್ಟಿದ್ದವು. ನಾವು ಖುಷಿಪಟ್ಟ ನೂರು ದಿನದಲ್ಲಿ ಆದದ್ದು ಅದು.

ಡಾಕ್ಟರು ಮುಚ್ಚಿಡದೆ ಹೇಳಿದರು: ಚೀಲ ತೆಗೆಯುವುದಿಲ್ಲ. ಔಷಧ ಇವತ್ತೇ ಮೊದಲಿನದಕ್ಕಿಂತ ಹೆಚ್ಚಾಗಬೇಕು. ಹದಿನಾಲ್ಕನೇ ವಾರದ ಹನಿ ಹಾಕಿ ನಾಲ್ಕೇ ವಾರವಾದ್ದರಿಂದ ಆರು ವಾರ ಕೂಸಿನಿಂದ ನಾಲ್ಕು ಮೊಳ ದೂರ ಇರಬೇಕು. ಎರೆಯುವುದು, ಲಂಗೋಟಿ ತೊಳೆಯುವುದು, ಎತ್ತಿಕೊಳ್ಳುವುದು ಯಾವುದೂ ಕೂಡದು.

ನಿಂಬೆವ್ವ ಉಂಡಿಯ ಡಬ್ಬಿಯನ್ನು ತೊಡೆಯ ಮೇಲೆ ತಿರುಗಿಸುತ್ತ ಕೂತಳು. "ಐದು ತಿಂಗಳು ತುಂಬಿದ ಕೂಡ್ಲೇ ಸುವರ್ಣಾನ್ನ ರಾಣೇಬೆನ್ನೂರಿಗೆ, ಗಂಡನ ಮನಿಗೆ ಕಳಸಬೇಕ್ರಿ. ಇನ್ನೊಂದೇ ತಿಂಗಳು ಉಳದೈತಿ. ಅಲ್ಲೀತನಕ ಹಿಂಗ ಬಿಡ್ರಿ. ಆಮ್ಯಾಲ ಎಷ್ಟ ಬೇಕಾದ್ರೂ ಔಷಧ ಹಾಕ್ರಿ, ಸತ್ತ ಹೋಗೂತನಕ ಹಾಕ್ರಿ."

"ಒಂದು ತಿಂಗಳಾಗ ಈ ಕಣ್ಣು ಅಂಟಿಕೊಂಡ್ರ ನನಗ ಬಿಡಸಾಕ ಬರಂಗಿಲ್ಲ, ನಿಂಬೆವ್ವಾರ."

"ಕೈಯಾಗಿನ ಕೂಸು ಬಿಟ್ಟು, ದೂರ ನಿಂತು ಕಣ್ಣಿಲೆ ನೋಡಿ ನಾ ಏನ್ ಮಾಡ್ಲಿ?"

ನನಗೆ ಸಿಟ್ಟು ಬಂತು. ಅವಳ ಮೇಲೋ ನನ್ನ ಮೇಲೋ ಗೊತ್ತಿಲ್ಲ. "ಮುಂದ ಅದು ಓಡಿ ಬಂದು, ಆಯೀ ಇದನ್ನ ನೋಡು ಅಂತ ಏನರ ತೋರಸ್ತೈತಿ. ಆವಾಗ ಏನ್ ಮಾಡ್ತೀ?" ಎಂದು ಬಿಟ್ಟೆ. ಆಡಬಾರದಿತ್ತು. ನಿಂಬೆವ್ವ ಅತ್ತಳು. ಈ ಕಾಯಿಲೆಯವರಿಗೆ ಅಳು ಬಂದರೂ ನೀರು ಬರುವುದಿಲ್ಲ. ಒಣಗಿದ ಕಣ್ಣಿನಲ್ಲಿ ಅವಳು ಅಳುವುದನ್ನು ನೋಡುತ್ತ ನಿಂತೆ.

ಇಷ್ಟು ಹೊತ್ತೂ ಬಾಗಿಲ ಬಳಿ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ ಗುರುಶಾಂತಪ್ಪನವರು ಕೆಮ್ಮಿದರು. "ನಾ ಎರಿತೀನ್ರಿ."

"ಏನ ಎರಿತೀರಿ?" ನಿಂಬೆವ್ವ ತಲೆ ಎತ್ತಿದಳು.

"ಕೂಸಿಗೆ ನೀರು. ಕಾಶವ್ವ ಬ್ಯಾರೇ ಮನಿ ಹಿಡದಾಳ. ಸುವರ್ಣಾ ಹಸಿ ಬಾಣಂತಿ, ಆಕಿ ಬಗ್ಗಿ ಎರಿಯೂದು ಬ್ಯಾಡ. ನೀ ದೂರ ಕುಂತು ಹ್ಯಾಂಗ ಅಂತ ಹೇಳು, ಹಂಗ ಎರಿತೀನಿ."

"ಗಂಡಸರು ಎರೀತಾರೇನ್ರಿ? ಕೇರ್ಯಾಗ ಮಂದಿ ನಗಂಗಿಲ್ಲೇನು?"

"ಕಣ್ಣಾಗಿನ ಕೂದಲ ಗಂಡಸರು ಕೀಳ್ತಾರೇನು? ನಾ ಹನ್ನೊಂದು ವರ್ಷ ಕಿತ್ತಿಲ್ಲೇನು?" ಎಂದರು ಗುರುಶಾಂತಪ್ಪನವರು. ಅವರ ದನಿಯಲ್ಲಿ ಜಂಬವಿರಲಿಲ್ಲ, ಬೇಡಿಕೆ ಇತ್ತು. "ನನಗ ನಿನ್ನ ಕಣ್ಣು ಬೇಕು. ನೀ ನನ್ನ ನೋಡದಿದ್ರ ನನಗ ಸೇರಂಗಿಲ್ಲ."

ಡಾಕ್ಟರು ಕಿಟಕಿಯ ಕಡೆ ತಿರುಗಿದರು. ನಿಂಬೆವ್ವ ಡಬ್ಬಿಯ ಮುಚ್ಚಳ ತೆಗೆದು ನನ್ನ ಮುಂದೆ ಹಿಡಿದಳು. "ತಗೊಳ್ರಿ, ಮತ್ತ ಕೆಡತಾವು," ಎಂದಳು. ನಾನು ಉಂಡಿ ತಿನ್ನುತ್ತಲೇ ಅವಳ ತೋಳಿನ ಚೀಲದ ಔಷಧ ಏರಿಸಿದೆ.

ಆ ವಾರ ಎಂಟನೆಯ ಪ್ರಶ್ನೆಯನ್ನು ಹೊಡೆದುಹಾಕಿ ಹೊಸದಾಗಿ ಬರೆದೆ. ಕಣ್ಣಿಗೆ ಏನೇನು ಹಾಕಿದಿರಿ, ಹಾಲು, ಜೇನು, ಹರಳೆಣ್ಣೆ, ತೀರ್ಥ, ಏನೇ ಆಗಲಿ ಹೇಳಿ ಎಂದು ಎಲ್ಲರಿಗೂ ಫೋನು ಮಾಡಿದೆ. ಇಪ್ಪತ್ತಮೂರು ಮನೆಗಳಲ್ಲಿ ಏನೋ ಒಂದು ಇತ್ತು. ಒಬ್ಬರಂತೂ ಯಂತ್ರ ತಂಪಾಗಿರಲಿ ಎಂದು ಗುಲಾಬಿನೀರು ಬಿಡುತ್ತಿದ್ದರು. ಒಂಬತ್ತನೆಯದಾಗಿ, ಈ ವಾರ ಎಷ್ಟು ಕೂದಲು ಕಿತ್ತಿರಿ ಎಂಬುದನ್ನೂ ಸೇರಿಸಿದೆ. ಡಾಕ್ಟರು ಹೊಸ ಎಸಳಿಗೆ ಹಾಲಿನ ಸಕ್ಕರೆಯನ್ನು ಗುರುತಿಸುವುದನ್ನು ಕಲಿಸಿದರು. ಅದು ಹಾಲಿನಲ್ಲಿರುತ್ತದೆ, ಕಣ್ಣೀರಿನಲ್ಲಿ ಇರುವುದಿಲ್ಲ. ಬಿಡುಗಡೆಯ ಪಟ್ಟಿ ಖಾಲಿಯಾಯಿತು, ಅದರ ಬಗ್ಗೆ ಅವರು ಮತ್ತೆ ಮಾತೆತ್ತಲಿಲ್ಲ.

ಮೂರು ವಾರ ಕಳೆದು ಹೊಸ ಎಸಳು ತೊಡಿಸಲು ಬೆಟಗೇರಿಗೆ ಹೋದೆ. ಬೆಳಗಿನ ಒಂಬತ್ತು ಗಂಟೆ. ಬಚ್ಚಲಲ್ಲಿ ಗುರುಶಾಂತಪ್ಪನವರು ಧೋತರ ಮೇಲಕ್ಕೆ ಕಟ್ಟಿ, ಮಣೆಯ ಮೇಲೆ ಕೂತು, ಎರಡೂ ಕಾಲು ನೀಡಿದ್ದರು. ಅವುಗಳ ಮೇಲೆ ಕೂಸು ಬೋರಲಾಗಿ ಮಲಗಿತ್ತು. ನಾಲ್ಕು ಮೊಳ ದೂರದ ಹೊಸ್ತಿಲಲ್ಲಿ ನಿಂಬೆವ್ವ ಕೂತು ಒಂದೇ ಸಮನೆ ಹೇಳುತ್ತಿದ್ದಳು. "ಕಿವಿ ಮ್ಯಾಲೆ ಕೈ ಹಿಡೀರಿ. ಅಷ್ಟ ಬಿಸಿ ಅಲ್ಲ, ತಣ್ಣೀರ ಬೆರಸ್ರಿ. ಬೆನ್ನ ತಿಕ್ಕರಿ, ಅಂಗಿ ಇಸ್ತ್ರಿ ಮಾಡಿದಂಗ ಮಾಡಬ್ಯಾಡ್ರಿ!"

ನಾನು ಅವಳ ಪಕ್ಕ ಕೂತೆ. ಗೆರೆ ಇಳಿಯುತ್ತಿದೆ, ಈ ಸಲ ನಿಜವಾಗಿ ಇಳಿಯುತ್ತಿದೆ ಎಂದೆ. ಕೂದಲು ಮೊನ್ನೆ ಸೋಮವಾರ ಐದು ಇದ್ದವು ಎಂದಳು. ಹೋದ ಮಡಿಕೆ ಬರುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

"ಔಷಧ ಇನ್ನ ಬಿಡೂ ಹಂಗಿಲ್ಲೇನ್ರಿ ಬಾಯಾರ?"

"ಸದ್ಯಕ್ಕಿಲ್ಲ, ನಿಂಬೆವ್ವಾ. ಎಷ್ಟು ವರ್ಷ ಅಂತ ಹೇಳಿದ್ರ ಸುಳ್ಳಾಗತೈತಿ."

ಅವಳು ಹೂಂ ಎಂದಳು. ಗುರುಶಾಂತಪ್ಪನವರು ಕೂಸಿನ ಬೆನ್ನಿಗೆ ತಂಬಿಗೆಯಿಂದ ನೀರು ಸುರಿದರು. ಕಾಲುಗಳಾಚೆ ಇಣುಕಿದ್ದ ಕೂಸು ತಲೆ ಎತ್ತಿ, ನಮ್ಮ ಕಡೆಗೆ ಮುಖ ಮಾಡಿ, ಹಲ್ಲಿಲ್ಲದ ಬಾಯಿ ತೆರೆದು ನಕ್ಕಿತು. ನಿಂಬೆವ್ವ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

"ನೋಡಿದ್ರೇನು? ದಿನಾ ಹಿಂಗ ಮಾಡತೈತಿ. ಎರಡು ತಿಂಗಳು ನಾನ ಎರದೆ, ಬೆನ್ನ ನೋಡಕೋತ ಎರದೆ. ಬೋರಲ ಹಾಕಿದಾಗ ಇದು ನಗತೈತಿ ಅಂತ ನನಗ ಗೊತ್ತ ಇರಲಿಲ್ಲ."

"ಏನ ಮಾಡತೈತಿ ಅದು?" ಗುರುಶಾಂತಪ್ಪನವರು ಕೂಸಿನ ಬೆನ್ನು ನೋಡುತ್ತ ಕೇಳಿದರು.

"ನಿಮಗ ಕಾಣಂಗಿಲ್ಲ. ನೀವು ನೀರ ಹಾಕ್ರಿ, ನಾ ನೋಡತೀನಿ," ಎಂದಳು ನಿಂಬೆವ್ವ.